ಹದಿನಾಲ್ಕನೆಯ ಕೈದಿ

ಬೈತ್‌ಖೋಲ್ ಐಸ್ ಪ್ಲಾಂಟಿನ ಲೆಕ್ಕವೆಲ್ಲ
ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆಯಲ್ಲಿದೆ.
ಯಾವ ಬೋಟಿಗೆ ಎಷ್ಟು ಲಾದಿ, ಯಾವ ತಾಂಡೇಲನ ಉದ್ರಿ ಎಷ್ಟು,
ಜೂನ್ ಜುಲೈಗೆ ಖಾಲಿ ಸಾಲು.

ಹಳೆಯ ಕಾವಲುಗಾರನ ಅವಧಿ ಮುಗಿದು ವಾರವಾಗಿತ್ತು.
ಪರದೆಯ ಮೂಲೆಯಲ್ಲಿ ಕೆಂಪು ಚೀಟಿ ಹಿಡಿದು
ಗಳಿಗೆಗೊಮ್ಮೆ ಕೆಮ್ಮುತ್ತಿದ್ದ:
ಹಣ ಕಟ್ಟು, ಹಣ ಕಟ್ಟು, ಅಪಾಯದಲ್ಲಿದ್ದೀ.
ಏಳು ವರ್ಷ ದುಡಿದವನು, ಇಲ್ಲವೆನ್ನಲಾರೆ.
ಈಚೆಗೆ ಮಾತ್ರ ಬಿಲ್ಲು ಮುದ್ರಿಸುವ ಹೊತ್ತಿಗೇ
ಇಡೀ ಮನೆ ಜಾಲಾಡುವ ಹುಕಿ ಅವನಿಗೆ.
ಫ್ಯಾನು ಟ್ರಾಲರಿನ ಹಾಗೆ ಗುಡುಗುಡು,
ಕರ್ಸರ್ ಕೆಸರಿಗೆ ಕಾಲಿಟ್ಟ ಏಡಿ.

ಹೊಸಬನನ್ನೂ ಅವನ ಪಕ್ಕ ಕೂರಿಸಿದರಾಯಿತು ಅಂದುಕೊಂಡಿದ್ದೆ.
ಬ್ಯಾಡ ಬಾಯೋರೆ, ಎಂದ ಕಾಜುಬಾಗದ ರಿಪೇರಿ ಹುಡುಗ ಶಿರೀಷ.
ಒಂದು ಧಕ್ಕೆಗೆ ಇಬ್ಬರು ವಾಚ್‌ಮನ್ ಇಟ್ಟರೆ
ಕಳ್ಳನನ್ನು ಬಿಟ್ಟು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡೀತಾರೆ.
ಹೊಸಬನನ್ನು ಕಂಪನಿಯ ಸ್ವಂತ ಬಾಗಿಲಿಂದಲೇ ಇಳಿಸಿಕೊಳ್ಳಿ.
ನೆಟ್ ವೈರು ಕಿತ್ತಿಡಿ. ಹಳಬನನ್ನು ಬೇರುಸಹಿತ ಕಳಿಸಿ.
ಆಮೇಲೆ ಇವನು.

ಹೊರಡುವ ಮುಂಚೆ ಹಳಬ ಕೇಳಿದ:
ನನ್ನ ಲಾಕಪ್ಪಿನಲ್ಲಿ ಹದಿನಾಲ್ಕು ಮಂದಿ,
ಎಲ್ಲರನ್ನೂ ಮುಗಿಸಿಬಿಡಲೆ?

ನೋಡೋಣ ಎಂದು ಬಾಗಿಲು ತೆರೆದೆ.
ಮದುವೆ ಫೋಟೋದ ಪೆನ್‌ಡ್ರೈವಿನಲ್ಲಿ ಬಂದು
ಫೋಲ್ಡರುಗಳನ್ನೆಲ್ಲ ಪೊಳ್ಳು ಬಾಣ ಮಾಡಿದ ಹುಳ.
ಪುಕ್ಕಟೆ ಪಂಚಾಂಗ ಎಂದುಕೊಂಡು ಬಂದವನು.
ಕರೆಂಟ್ ಬಿಲ್ಲಿನ ವೇಷದವನು
(ಅವನಿಗೆ ಕದ ತೆಗೆದವಳು ನಾನೇ,
ಮನೆಯಲ್ಲಿ ಇವತ್ತಿಗೂ ಹೇಳಿಲ್ಲ).
ಅವನ ತಮ್ಮಂದಿರು, ಒಂದೇ ಹೆಸರಿಗೆ ಬೇರೆ ಬೇರೆ ಬಾಲ.
ಕೊನೆಯಲ್ಲಿ, ಎಲ್ಲರಿಗಿಂತ ಮೊದಲು ಸಿಕ್ಕಿಬಿದ್ದವನು:
ಹೆಸರು, ಭರತಿ.
ಅಪರಾಧ, ಗುರುತಿನವರಿಲ್ಲ.

ಇನಾಸ.
ಸುಂಕೇರಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ,
ಪ್ಲಾಂಟಿನ ಕಂಪ್ರೆಸರ್ ಕಾಯುತ್ತಿದ್ದ ಇನಾಸ.
ರಾತ್ರಿ ಪಾಳಿಯಲ್ಲಿ ಕೂತು ತಾನೇ ಬರೆದದ್ದು:
ತಾರೀಖು ಒತ್ತಿದರೆ ಕಾಳಿಯ ಅಳಿವೆಯಲ್ಲಿ
ನೀರು ಯಾವಾಗ ಏರಿ ಯಾವಾಗ ಇಳಿಯುತ್ತದೆ ಹೇಳಬೇಕು.
ನಿಮ್ಮ ಮನೆ ಕಂಪ್ಯೂಟರಿಗೆ ಹಾಕಿದ್ದೇನೆ ಬಾಯೋರೆ, ನೋಡಿ, ಅಂದ.
ನೋಡಿದೆ. ಇರಲಿಲ್ಲ.
ಮತ್ತೆ ಹಾಕಿದೆ ಅಂದ. ಮತ್ತೆ ಇರಲಿಲ್ಲ.
ಮೂರನೆಯ ಸಲ, ಬೋಟಿನವರೆಲ್ಲ ಚಹಾ ಕುಡಿಯುತ್ತಿರುವಾಗ,
ಬರೀ ಬಾಯಿಮಾತಿನವ ನೀನು, ಎಂದೆ.
ಅವನು ನಕ್ಕ.
ಆಮೇಲೆ ಲಾದಿಯ ಚೀಟಿಯನ್ನು ಕಿಟಕಿಯಲ್ಲಿಟ್ಟು ಹೋಗುತ್ತಿದ್ದ.
ಮರುವರ್ಷ ವಾಸ್ಕೋಗೆ ಹೋದ.

ಒಬ್ಬನನ್ನು ಪೆನ್‌ಡ್ರೈವಿಗೆ ದಾಟಿಸಿ
ಹದಿಮೂರು ಮಂದಿಗೆ ಹೂಂ ಅಂದೆ.
ಹಳಬ ಹೋದ. ಪರದೆ ಕಪ್ಪಾಗಿ ಮತ್ತೆ ಎದ್ದಿತು.

ಹನ್ನೊಂದು ನಿಮಿಷ ಮನೆಗೆ ಕಾವಲಿರಲಿಲ್ಲ.
ಕಿತ್ತ ವೈರು ಮೇಜಿನ ತುದಿಯಿಂದ ಜೋತಾಡುತ್ತಿತ್ತು.
ಹೊರಗೆ ಕೂರ್ಮಗಡದ ಕಡೆಯಿಂದ ಒಂದು ಪರ್ಸಿನ್ ಬೋಟು
ಅಷ್ಟೂ ಹೊತ್ತು ಬರುತ್ತಲೇ ಇತ್ತು.

ಹೊಸಬ ಮಾತು ಕಡಿಮೆ.
ವೈರು ಚುಚ್ಚಿದೆ; ಊರ ಕಳ್ಳರ ಹೊಸ ಪಟ್ಟಿ ತರಿಸಿಕೊಂಡ.
ಭರತಿಯನ್ನು ಅವನ ಮುಂದಿಟ್ಟೆ.
ಇನಾಸನದೇ ಆದರೂ ಮೊದಲು ತಪಾಸಣೆ,
ಇನಾಸನೂ ಹಾಗೇ ಹೇಳುತ್ತಿದ್ದ.
ಮೂಸಿದ. ತಿರುಗಿಸಿ ಮೂಸಿದ.
ಬಾಲ ಆಡಿಸಲಿಲ್ಲ, ಬೊಗಳಲೂ ಇಲ್ಲ.

ತೆರೆದೆ.
ಬೂದು ಬಣ್ಣದ ಪೆಟ್ಟಿಗೆ, ಎರಡೇ ಗುಂಡಿ,
ತಳದಲ್ಲಿ ಸಣ್ಣಕ್ಷರ: ಬೈತ್‌ಖೋಲ್ ಬಾಯೋರಿಗೆ.
ಇವತ್ತಿನ ತಾರೀಖು ಒತ್ತಿದರೆ ಸುಮ್ಮನಿದೆ.
ಹದಿನೆಂಟನೇ ಇಸವಿಯ ಡಿಸೆಂಬರಿನ ಆಚೆ
ಅದಕ್ಕೆ ಸಮುದ್ರವಿಲ್ಲ.
ಆ ಚಹಾದ ದಿನ ಒತ್ತಿದೆ:
ಇಳಿತ, ಸಂಜೆ ಆರು ಹತ್ತು.

ಹಳೇ ಡೈರಿಯಲ್ಲಿ ಅವನ ನಂಬರು.
ಹತ್ತೂ ಅಂಕಿ ಇನ್ನೂ ಅವನವೇ.
ಆ ತುದಿಯಲ್ಲಿ ಯಾವುದೋ ಯಂತ್ರದ ಸದ್ದು.
ಇನಾಸ, ಭರತಿ ಸಿಕ್ಕಿತು ಕಣೋ, ಅಂದೆ.

ಯಾವ ಭರತಿ, ಅಂದ.