ಏಳು ಚಿತ್ರ

ಸಾಲಗಾಮೆ ರಸ್ತೆಯ ಆಫೀಸಿನ ಬೋರ್ಡು ಇಳಿಸಿದ್ದು ನಾನೇ.
ಹಿಂದಿನ ವಾರ ಒಬ್ಬ ಬಂದಿದ್ದ, ಹೆಂಡತಿ ಎಲ್ಲಿದ್ದಾಳೆ ಹೇಳಿ ಅಂತ,
ಕೈಯಲ್ಲಿ ಜಾಕ್ ರಾಡು.
ಮೇಜಿನ ಗಾಜು ಹೋಯಿತು. ವಿಳಾಸ ಹೋಗಲಿಲ್ಲ.

ಇನ್ನು ಮನೆಯಿಂದಲೇ ಕೆಲಸ ಎಂದರು ಫ್ಲೇವಿಯಾ ಮೇಡಂ.
ರಾತ್ರಿ ಫೋನು ಮಾಡುವವರ ಮಾತಿಗೆ ಕಿವಿ ಕೊಡುವ ಆರು ಜನ,
ಆಲೂರಲ್ಲಿ ಒಬ್ಬರು, ಅರಸೀಕೆರೆಯಲ್ಲಿ ಇಬ್ಬರು,
ಅರಕಲಗೂಡು, ಬೇಲೂರು, ಹಾನುಬಾಳು.
ಅವರವರೊಳಗೆ ಬರೆದುಕೊಳ್ಳಲು, ಮುಖ ನೋಡಿ ಮಾತಾಡಲು
ಒಂದು ಜಾಗ ಮಾಡಿಕೊಡು,
ಅಲ್ಲಿನ ಗೋಡೆಗೆ ಕಿವಿ ಇರಬಾರದು.

ಮಾಡಿದೆ. ಬಿಸ್ಕತ್ತಿನ ಡಬ್ಬಿಯಷ್ಟು ಸರ್ವರು,
ಮೇಡಂ ಮನೆಯ ಅಕ್ಕಿ ಡ್ರಮ್ಮಿನ ಪಕ್ಕ, ಯುಪಿಎಸ್ಸಿನ ಮೇಲೆ.
ಬರೆದದ್ದು ಅವರ ಫೋನಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ,
ತಲುಪಿದವರ ಫೋನಿನಲ್ಲೇ ಬಿಚ್ಚಿಕೊಳ್ಳುತ್ತದೆ.
ನಡುವೆ ನನ್ನ ಡಬ್ಬಿ ಮೂಟೆ ಹೊರುತ್ತದೆ, ಬಿಚ್ಚಲು ಬರುವುದಿಲ್ಲ.
"ನೀನು ಓದಬಹುದಾ?" ಎಂದರು. ಇಲ್ಲ ಎಂದೆ.
"ಯಾರಾದರೂ ಕುತ್ತಿಗೆ ಹಿಡಿದು ಕೇಳಿದರೆ?"
ಹಿಡಿಯಲಿ ಮೇಡಂ, ಕೀಲಿ ನನ್ನ ಹತ್ತಿರ ಇಲ್ಲವಲ್ಲ.
ಗಾಜು ಒಡೆದ ಮೇಲೆ ಮೊದಲ ಸಲ ನಕ್ಕರು.

ಪಾಸ್‌ವರ್ಡಿನ ಪಾಠಕ್ಕೇ ಒಂದು ವಾರ ಹಿಡಿಯಿತು.
ಮಗನ ಹೆಸರು ಬೇಡ, ಮದುವೆಯ ತಾರೀಖು ಬೇಡವೇ ಬೇಡ ಎಂದೆ.
"ಅದನ್ನ ನಾನೇ ಮರೆಯೋಕೆ ನೋಡ್ತಿದೀನಿ" ಅಂದರು ಅರಸೀಕೆರೆಯ ಮೆಹಜಬೀನ್.
ವಿಡಿಯೋದಲ್ಲಿ ಹಿಂದಿನ ಗೋಡೆ ಮಸುಕಾಗಲಿ,
ಕ್ಯಾಲೆಂಡರಿನ ಮೇಲೆ ನಿಮ್ಮೂರ ಸೊಸೈಟಿಯ ಹೆಸರಿದೆ.
ಕುಕ್ಕರ್ ಕೂಗಿದರೆ ಮ್ಯೂಟು.

ಕೊನೆಗೆ ಪರೀಕ್ಷೆ.
ಎರಡೂ ಪರದೆಯ ಮೇಲೆ ಏಳು ಚಿತ್ರ ಮೂಡುತ್ತವೆ,
ಫೋನಿನಲ್ಲಿ ಓದಿ ಹೇಳಬೇಕು, ಏಳಕ್ಕೆ ಏಳೂ ಕೂಡಬೇಕು.
ಕೂಡದಿದ್ದರೆ ನಡುವೆ ಯಾರೋ ಕೂತಿದ್ದಾರೆ ಅಂತ.
ಹಾನುಬಾಳಿನ ಕುಸುಮಾಕ್ಷಿ "ಗಂಟೆ, ಕನ್ನಡಕ, ಆನೆ!" ಎಂದದ್ದೇ ತಡ
ಅವರ ಅತ್ತೆ ಹಿತ್ತಲ ಬಾಗಿಲು ಜಡಿದು, ತಟ್ಟೆ ಬಡಿದು,
ತೋಟದಲ್ಲಿದ್ದ ಆಳುಗಳನ್ನೆಲ್ಲ ಒಳಗೆ ಕೂಗಿದರು.
ಮರುದಿನ ಮತ್ತೆ ಮೊದಲಿಂದ.

ಯುಗಾದಿ ಕಳೆದ ಮೇಲೆ ಇನ್ನೊಬ್ಬರು ಸೇರಿದರು.
ಮೊದಲು ಇಲ್ಲಿಗೆ ಫೋನು ಮಾಡುತ್ತಿದ್ದವರಂತೆ,
ಈಗ ಎತ್ತುವವರು.
ಹೆಸರು ಹಾಕಬೇಡ, ಏಳನೆಯವರು ಅಂತಷ್ಟೇ ಹಾಕು ಎಂದರು ಮೇಡಂ.
ಹಾಕಿದೆ. ಫೋನು ಮಾಡಿದೆ. ಓದಿ ಅಂದೆ.
"ಛತ್ರಿ, ಹೂಂ.
ಮೀನು, ಹೂಂ.
ಹುಂಜ, ಹೂಂ."

ಒಂದೊಂದಕ್ಕೂ ಹೂಂ ಹಾಕಿ ಎಣಿಸುವ ಆ ದನಿಯನ್ನು
ಒಂಬತ್ತು ವರ್ಷ ಕೇಳಿದ್ದೇನೆ, ನಮ್ಮ ಬೀದಿಯ ಬೇಕರಿಯಲ್ಲಿ,
ಗಾಜಿನ ಹಿಂದೆ ನಿಂತು ಬನ್ನು ಕಟ್ಟಿಕೊಡುವಾಗ,
ಏಪ್ರಿಲ್ ಬಿಸಿಲಲ್ಲೂ ತುಂಬುತೋಳಿನ ರವಿಕೆ.
ನನ್ನ ದನಿ ಅವರಿಗೂ ಗೊತ್ತಾಯಿತೋ ಏನೋ,
ನಾಲ್ಕನೆಯದಕ್ಕೆ ತಡೆದರು.
ಕಾದೆ. ಆಲೂಗಡ್ಡೆ ಲಾರಿಯೊಂದು ಆ ಬದಿಯಲ್ಲೋ ಈ ಬದಿಯಲ್ಲೋ
ಹಾರ್ನು ಮಾಡಿಕೊಂಡು ಹೋಯಿತು.
"ಬೀಗ" ಎಂದರು ಕೊನೆಗೆ. ಹೂಂ ಅನ್ನಲಿಲ್ಲ.
ನಾನಂದೆ.

ಏಳೂ ಕೂಡಿದವು.
ಈಗ ರಾತ್ರಿ ಎರಡೂವರೆಗೆ ಏಳನೆಯವರ ಹಸಿರು ಚುಕ್ಕೆ ಹತ್ತುತ್ತದೆ,
ನಾಲ್ಕಾದರೂ ಆರುವುದಿಲ್ಲ.
ಏನು ಬರೆದರೋ ಡಬ್ಬಿಗೆ ತಿಳಿಯದು, ಭಾರ ಮಾತ್ರ ತಿಳಿಯುತ್ತದೆ.

ಬೇಕರಿಯಲ್ಲಿ ಅವನೊಬ್ಬನೇ.
ತವರಿಗೆ ಹೋಗಿದಾಳೆ ಅನ್ನುತ್ತಾನೆ, ಯಾರೂ ಕೇಳದಿದ್ದರೂ.
ನನ್ನ ಜೊತೆ ಹೈಸ್ಕೂಲು ಓದಿದವನು,
ನನ್ನ ಮೊದಲ ಕಂಪ್ಯೂಟರಿಗೆ ಸಾಲ ಕೊಟ್ಟವನು.
"ಫೋನು ಎಲ್ಲಿದೆ ಅಂತ ಹುಡುಕೋದು ನಿಂಗೆ ಬರುತ್ತಲ್ಲ" ಎಂದ ಒಂದು ದಿನ,
ದಿಲ್‌ಪಸಂದ್ ಕೊಯ್ಯುತ್ತಾ, ಕತ್ತು ಎತ್ತದೆ.
ಬರಲ್ಲ ಅಂದೆ.
ತುಂಡನ್ನು ನನ್ನ ಕಡೆ ಸರಿಸಿದ. ಮುಟ್ಟಲಿಲ್ಲ.
ಯಾಕೋ? ಅಂದ.
ಸಕ್ಕರೆ ಕಾಯಿಲೆ, ಅಂದೆ.