ಎದಿ ಮಟ್ಟ

ಎರಡು ದವಾಖಾನಿ, ಮೂರು ಡಾಕ್ಟರು.
ಎಲ್ಲಿ ಹೋದರೂ ನೂರಾ ಎಪ್ಪತ್ತರ ಮ್ಯಾಲೇ.
ಕೊನೀಕ ಡಾಕ್ಟರಮ್ಮ ಅಂದಳು, ಸೈಬಣ್ಣನೋರೆ,
ನನ್ನ ಬಿಳಿ ಕೋಟು ನೋಡಿ ನಿಮ್ಮ ರಕ್ತ ಹೆದರತದ.
ಮನ್ಯಾಗ ನೋಡ್ಕೋರಿ ಏಳು ದಿನ,
ಮುಂಜಾನಿ ಎರಡು ಸಲ, ಸಂಜೀಕ ಎರಡು ಸಲ,
ಬರಕೊಂಡು ಬರ್ರಿ.

ಸೂಪರ್ ಮಾರ್ಕೆಟಿನ ಮೆಡಿಕಲ್ ದುಕಾನದಾಗ
ಸಾವಿರದ ಎಂಟುನೂರು ಕೊಟ್ಟು ತಂದೆ.
ದೊಡ್ಡ ಗಡಿಯಾರದಂಥಾದ್ದು, ಮುಂಗೈಗೆ ಕಟಗೊಳ್ಳೋದು.
ನಗು ಬಂತು ನಂಗ.
ಮೂವತ್ತೊಂದು ವರ್ಷ ಗಂಜ್‌ನಾಗ ತೂಕ ಮಾಡಿದಾಂವ ನಾ.
ತೊಗರಿ, ಕಡ್ಲಿ, ಹೆಸರು, ಉದ್ದು,
ಎಷ್ಟು ಚೀಲ ನನ್ನ ಮುಂದ ಕಾಟಾ ಏರಿ ಇಳದಾವೋ.
ಈಗ ನನ್ನ ಮೈಗೇ ಕಾಟಾ.

ಗುಂಯ್ ಅಂತ ಉಬ್ಬತದ,
ಸಾಲ ಕೇಳಾಕ ಬಂದಾಂವ ಕೈ ಹಿಡದಂಗ ಬಿಗೀತದ,
ಉಸ್ ಅಂತ ಬಿಡತದ.
ಮ್ಯಾಲಿಂದು, ಕೆಳಗಿಂದು, ಮೂರನೇದು ನಾಡಿ.

ಡಬ್ಬಿ ಒಳಗಿನ ಕಾಗದದಾಗ ಒಂದು ಚಿತ್ರ:
ನೆಟ್ಟಗ ಕುಂತಾನ ಒಬ್ಬಾಂವ,
ಪ್ರಮಾಣ ಮಾಡಾಂವನಂಗ ಎದಿ ಹತ್ತರ ಕೈ.
ಎದಿ ಮಟ್ಟಕ್ಕೇ ಇರಬೇಕು.
ಮಾತಾಡಬಾರದು. ಕಾಲ ಮ್ಯಾಲ ಕಾಲು ಹಾಕಬಾರದು.

ಎರಡನೇ ದಿನಕ್ಕ ಅದರ ಗುಟ್ಟು ಸಿಕ್ಕಿತು.
ಕೈ ತೊಡಿ ಮ್ಯಾಲ ಇಟ್ಟರ ಅಂಕಿ ಏರತದ,
ಗದ್ದದ ತನಕಾ ಎತ್ತಿದರ ಇಳೀತದ.
ನೂರಾ ಐವತ್ತೆರಡು ಇದ್ದದ್ದು ನೂರಾ ಮೂವತ್ತಾರು!
ಉಪ್ಪು ಬಿಡಲಾರದ, ಗುಳಿಗಿ ನುಂಗಲಾರದ.
ಬರದೆ ವಹಿದಾಗ, ಚಂದನ ಅಕ್ಷರದಾಗ.

ಕಾಟಾದವನಿಗೆ ಇದೇನು ಹೊಸಾದಲ್ಲ.
ಹರೇದಾಗ, ಅಡತಿ ಸಾಹುಕಾರ ಕಣ್ಣು ಮಾಡಿದರ
ಹಲಗಿ ಕೆಳಗ ನನ್ನ ಬಲಗಾಲ ಹೆಬ್ಬಟ್ಟು.
ಚೀಲಕ್ಕ ಅರ್ಧ ಕಿಲೋ.
ಎಲ್ಲಾರು ಮುಳ್ಳು ನೋಡತಿದ್ದರು, ಕಾಲು ಯಾರು ನೋಡ್ತಾರ?
ಅಫಜಲಪುರ ಕಡೀಂದ ಬಂದ ಒಬ್ಬಾಕಿ ಮಾತ್ರ,
ಸೆರಗಿನಾಗ ಮಾರಿ ಒರಸಿಕೊಂಡು,
ನಿನ್ನ ಕಾಟಾ ಸುಳ್ಳ ಅದ ಅಂದಳು.
ಯವ್ವಾ, ಕಬ್ಬಿಣಕ್ಕ ಸುಳ್ಳು ಹೇಳಾಕ ಬಾಯಿ ಎಲ್ಲದ, ಅಂದೆ ನಾ.

ಜಗದೇವಿ ರೊಟ್ಟಿ ಬಡಿಯೋದು ನಿಂದರಸಿ
ಬಾಗಲದಾಗಿಂದ ನೋಡಲಾಕತ್ತಿದ್ದಳು.
ಏನ್ರೀ, ಕೈ ಗದ್ದಕ್ಕ ಹಚ್ಚಿ? ಹಲ್ಲು ನೋಯ್ತದೇನು?
ಹೇಳಿದೆ. ಹೇಳಬಾರದಿತ್ತು.
ಆಕಿ ನಗಲಿಲ್ಲ, ಬೈಲಿಲ್ಲ.
ಹಿಟ್ಟಿನ ಕೈ ಝಾಡಿಸಿ ಅಷ್ಟೇ ಕೇಳಿದಳು:
ಈಗ ಯಾರ ಚೀಲದಾಗಿಂದ ಯಾರು ಕದಿಲಾಕತ್ತೀರಿ?

ಮೂವತ್ತೊಂದು ವರ್ಷದ ನನ್ನ ವಹಿಗಳಾಗ
ಹೊಡದು ಹಾಕಿದ ಸಾಲು ಒಂದೂ ಇಲ್ಲ.
ಅವತ್ತು ಎರಡು ಸಾಲು ಹೊಡದೆ.

ನಾಲ್ಕನೇ ದಿನ, ಸುಮ್ಮನ, ಚೇಷ್ಟಿಗೆ ಅಂದೆ,
ಬಾ, ನಿಂದೂ ನೋಡೂನು.
ನನಗೇನಾಗ್ಯದ ಧಾಡಿ, ಮೂವತ್ತು ರೊಟ್ಟಿ ಬಡೀತೀನಿ ದಿನಾ.
ಬಳಿ ತಗಿಯಂಗಿಲ್ಲ ಅಂತ ಹಟ.
ಒಂದೊಂದೇ ಮೊಣಕೈ ಕಡಿಗಿ ಸರಸಿದೆ,
ಎರಡು ಸಿಕ್ಕಿ ಹಾಕ್ಕೊಂಡವು, ಎಣ್ಣಿ ಹಚ್ಚಿದೆ.
ಜ್ವಾಳದ ಹಿಟ್ಟು ಗೆರಿಗೆರಿಗೆ ಕುಂತ ಮುಂಗೈ.
ಮೂವತ್ತೊಂದು ವರ್ಷ ಲೋಕದ್ದೆಲ್ಲಾ ತೂಗಿದ ನಾನು
ಇದು ಇಷ್ಟು ಸಣ್ಣದದ ಅಂತ ಕಂಡಿರಲಿಲ್ಲ.

ನೂರಾ ಎಂಬತ್ತೆರಡು.
ಮತ್ತ ಕಟ್ಟಿದೆ. ನೂರಾ ಎಂಬತ್ನಾಕು.
ಐದು ನಿಮಿಷ ಬಿಟ್ಟು, ಮೊಣಕೈ ಕೆಳಗ ತಲದಿಂಬಿಟ್ಟು,
ಚಿತ್ರದಾಗಿನಂಗ ಎದಿ ಮಟ್ಟಕ್ಕ ಹಿಡದು:
ನೂರಾ ಎಂಬತ್ತೊಂದು.

ನಿಮ್ಮ ಕಾಟಾ ಸುಳ್ಳ ಅದ, ಅಂತ ನಕ್ಕಳು ಜಗದೇವಿ.

ನನಗರಿಯದಂಗ ನನ್ನ ಬಲಗಾಲ ಕಡಿಗಿ ನೋಡಿದೆ.
ಅದು ಚಾಪಿ ಮ್ಯಾಲ ಇತ್ತು, ತನ್ನ ಪಾಡಿಗೆ ತಾನು.

ವಹಿದಾಗ ಇನ್ನೊಂದು ಗೆರಿ ಎಳದು
ಆಕಿ ಹೆಸರು ಬರದೆ, ಕೆಳಗ ಮೂರು ಅಂಕಿ.
ಒಲಿ ಮ್ಯಾಲ ಹಂಚು ಬರೇ ಕಾಯಲಾಕತ್ತಿತ್ತು.
ಇನ್ನೊಮ್ಮಿ ನೋಡ್ರಿ ಅಂದಳು,
ಕೈ ತಾನೇ ಮುಂದ ಮಾಡಿ.
ಈ ಸಲ ನಗಲಿಲ್ಲ.