ಒಂದೋ, ಎರಡೋ

ರಾಸ್ತಾ ಪೇಟೆಯ ನನ್ನ ಕನ್ನಡಕದಂಗಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದೇನೆ:
ಈ ಗಾಜು ಸ್ಪಷ್ಟವೋ, ಇದೋ?
ಒಂದೋ, ಎರಡೋ?
ಈಗ ನನ್ನ ಸರದಿ. ಉತ್ತರ ಹೊಳೆಯುತ್ತಿಲ್ಲ.

ವಾರಕ್ಕೆ ಆರು ದಿನ ಮನೆಯಿಂದ ಅಂಗಡಿ, ಅಂಗಡಿಯಿಂದ ಮಂಡಿ,
ಸ್ವಾರ್‌ಗೇಟ್ ಸಿಗ್ನಲ್ಲಿನಲ್ಲಿ
ಕ್ಲಚ್ಚು ತುಳಿದು ತುಳಿದು ಮರಗಟ್ಟುವ ಮೊಣಕಾಲು.
ಏಳನೆಯ ದಿನ ಪಾನಶೇತ್ ದಾಟಿ,
ಡಾಂಬರು ಕೈಬಿಟ್ಟ ಮೇಲೂ ಒಂಬತ್ತು ಕಿಲೋಮೀಟರು,
ಕೆಂಪು ಜಾರು, ಉರುಳುಗಲ್ಲು, ಎರಡು ಹಳ್ಳ.
ಅಲ್ಲಿ ಶಾಲೆಯ ಕಟ್ಟೆಯ ಮೇಲೆ ಕಾದು ಕೂತವರ ಕಣ್ಣು.
ನನ್ನ ಜೊತೆಗೆ
ಇನ್ನೂರ ಅರವತ್ತಾರು ಗಾಜುಗಳ ಪೆಟ್ಟಿಗೆ.

ಅದಕ್ಕೇ, ನೋಡಲು ಹೋದ ಪ್ರತಿ ಗಾಡಿಯಲ್ಲೂ
ಹಿಂದಿನ ಸೀಟಿನ ಮೇಲೆ ಆ ಪೆಟ್ಟಿಗೆ ಇಟ್ಟೆ.
"ಎಲ್ಲರೂ ಮೈಲೇಜು ಕೇಳ್ತಾರೆ, ಬಣ್ಣ ಕೇಳ್ತಾರೆ. ಇದೇನು ಮೇಡಂ?"
ಶೋರೂಮಿನ ಹುಡುಗ ಓಂಕಾರ ಗಾಯಧನಿ ಕಣ್ಣರಳಿಸಿದ.
ಮಾತಾಡಬೇಡಪ್ಪ, ಸುಮ್ಮನೆ ಕೇಳಿಸಿಕೋ, ಅಂದೆ.

ಮೊದಲನೆಯದು ಬಿಳಿ. ನೆತ್ತಿಗೆ ಗಾಜಿನ ಆಕಾಶ.
ಗುಂಡಿ ತಿರುಗಿಸಿದರೆ ಮರಳು, ಕೆಸರು, ಹಿಮ.
ಪುಣೆಯಲ್ಲಿ ಹಿಮ!
ಲಕ್ಷ್ಮೀ ರಸ್ತೆಯ ಅಸಲಿ ಗುಂಡಿಗಳಲ್ಲಿ
ಪೆಟ್ಟಿಗೆ ಕೂಸಿನ ಹಾಗೆ ನಿದ್ದೆ ಹೋಯಿತು.
ಗುಡ್ಡದ ಬುಡದ ಮೊದಲ ಕಲ್ಲಿಗೇ ಗಾಡಿಯ ಹೊಟ್ಟೆ ತಾಗಿ ನರಳಿತು.
ಓಂಕಾರ ಇಳಿದು ಬಗ್ಗಿ ನೋಡಿದ.
ಗಾಡಿಗಿಂತ ಅವನೇ ಬಿಳಿ.

ಎರಡನೆಯದು ಎತ್ತರದ ಮೈ, ಎರಡೇ ಬಾಗಿಲು.
ಗುಡ್ಡ ಏರಿತು, ಸುಳ್ಳಲ್ಲ, ಹೋತದ ಹಾಗೆ.
ಆದರೆ ಹಿಂದೆ ಹತ್ತಬೇಕಾದರೆ
ಮುಂದಿನ ಸೀಟು ಮಡಚಿ, ಆಮೇಲೆ ಮೈ ಮಡಚಿ.
ನನ್ನ ಸಹಾಯಕಿ ಪ್ರಾಜಕ್ತಾಗೆ ಈಗ ಏಳು ತಿಂಗಳು;
ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು.
ಮೇಲಾಗಿ ನಮ್ಮ ಸೊಸೈಟಿಯ ಹದಿನಾಲ್ಕನೇ ನಂಬರಿನಲ್ಲಿ
ಅದು ನಿಂತರೆ, ನಾನು ಕಿಟಕಿಯಿಂದ ಇಳಿಯಬೇಕು.

ದಸ್ತಗೀರ್ ಸಾಬರು ಇಂಡಿಯವರು, ನಾನಾ ಪೇಟೆಯಲ್ಲಿ ಗ್ಯಾರೇಜು.
ಹೋದ ತಿಂಗಳು ಅವರಿಗೆ ಬೈಫೋಕಲ್ ಕೊಟ್ಟವಳು ನಾನೇ.
"ನಟ್ಟೂ ಕಾಣ್ತದ, ರಸ್ತಾನೂ ಕಾಣ್ತದ.
ಮೆಟ್ಲಾ ಇಳಿವಾಗಷ್ಟ ನೆಲಾ ಎಲ್ಲದ ಅನ್ನೂದ ತಿಳೀವಲ್ದವಾ."
ದೂರದ್ದೂ ಹತ್ತಿರದ್ದೂ ಒಂದರಲ್ಲೇ ಬೇಕೆಂದರೆ
ನಡುವೆ ಗೆರೆಯೊಂದು ಇದ್ದೇ ಇರುತ್ತದೆ ಕಾಕಾ, ಅಂದಿದ್ದೆ.
ಅವರು ಮರೆತಿಲ್ಲ.
ಗ್ರೀಸಿನ ಬೆರಳಲ್ಲಿ ಕನ್ನಡಕ ಮೇಲೆ ತಳ್ಳಿ,
"ಗಾಡೀನೂ ಹಂಗ. ಗೆರೀ ಎಲ್ಲಿರಬೇಕು, ಅದನ್ನಷ್ಟ ನೀ ಹೇಳು."

ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು
ಹದಿನೇಳು ವರ್ಷದ ಜಿಪ್ಸಿ.
ಏಸಿ ಕೆಮ್ಮುತ್ತದೆ. ಎಡಗಡೆ ಕನ್ನಡಿಗೆ ಪೊರೆ.
ಗೇರಿನ ಪಕ್ಕ ಇನ್ನೊಂದು ಗಿಡ್ಡ ಗೇರು.
ಕೆಸರು ಬಂದರೆ ಕೆಳಗಿಳಿದು
ಮುಂದಿನ ಚಕ್ರಗಳ ನಡುವಿನ ಬಿಲ್ಲೆಯನ್ನು
ಕೈಯಾರೆ ತಿರುಗಿಸಬೇಕು. ಕಟ್.
ಆ ಕಡೆಗೂ ಹೋಗಿ, ಕಟ್.
ಪೆಟ್ಟಿಗೆಯೋ, ಗ್ಯಾರೇಜಿನ ಬಾಗಿಲಿಂದಲೇ ಹಲ್ಲು ಕಡಿಯತೊಡಗಿತು;
ಒಂದೊಂದು ಹಂಪಿಗೂ ಇನ್ನೂರ ಅರವತ್ತಾರು ದೂರು.

ಎರಡನೇ ಹಳ್ಳದಲ್ಲಿ ಮೀನಖಂಡ ಮುಳುಗಿ ನಿಂತು
ಬಿಲ್ಲೆ ತಿರುಗಿಸಿದೆ.
ಇದೇ ಗೆರೆ ಅನ್ನಿಸಿತು.
ನೀರಿನ ತಣ್ಣಗೆಗೆ ಹಾಗನ್ನಿಸಿತೋ ಏನೋ.
ಆಚೆ ದಡದಲ್ಲಿ ಹೌಸಾಬಾಯಿ, ನೂಲೇರದ ಸೂಜಿ ಕೈಯಲ್ಲಿ,
ಎದುರು ಗುಡ್ಡದ ಮೇಕೆ ಎಣಿಸುತ್ತಿದ್ದಳು,
ತಪ್ಪುತಪ್ಪಾಗಿ, ಗಟ್ಟಿಯಾಗಿ.

ಜಿಪ್ಸಿ ತಗೊಂಡೆ.
ಹದಿನಾಲ್ಕನೇ ನಂಬರಿನಲ್ಲಿ ಗೇಣು ಜಾಗ ಉಳಿಸಿ ನಿಲ್ಲುತ್ತದೆ.
ಸ್ವಾರ್‌ಗೇಟಿನಲ್ಲಿ ಮೊಣಕಾಲು ಈಗಲೂ ಬೈಯುತ್ತದೆ.
ಪೆಟ್ಟಿಗೆಗೆ ಹಳೆಯ ಕೌದಿ ಸುತ್ತಿದ್ದೇನೆ, ಆದರೂ
ಒಂದು ಗಾಜು ಸೀಳಿತು, ಮೈನಸ್ ಎರಡೂ ಕಾಲು.
ಬೇರೆಯದಕ್ಕೆ ಹೇಳಿ ಕಳಿಸಿದ್ದೇನೆ.
ಅದು ಬರುವ ತನಕ ಆ ನಂಬರಿನವರು
ಎರಡರಲ್ಲೇ ಸುಧಾರಿಸಿಕೊಳ್ಳಬೇಕು.